ಗಂಡ ಹೆಂಡತಿ ಕೂತು ಮನೆಯ ಲೆಕ್ಕ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಪ್ರೌಢಶಾಲಾ ಶಿಕ್ಷಕಿ. ನಮ್ಮವರಿಗೆ ಸಕಲೇಶಪುರದ ಕಡೆ ಆರು ಎಕರೆ ಕಾಫಿ ತೋಟವಿದೆ, ನೆರಳಿನ ಮರಗಳಿಗೆ ಮೆಣಸು ಹಬ್ಬಿದೆ. ನನಗೆ ತಿಂಗಳಿಗೊಮ್ಮೆ ಸಂಬಳ, ಅವರಿಗೆ ವರ್ಷಕ್ಕೊಮ್ಮೆ ಫಸಲು. ಮದುವೆಯಾದ ಮೊದಲ ಆರು ವರ್ಷ ನನ್ನ ಲೆಕ್ಕ ನನ್ನದು, ಅವರ ಲೆಕ್ಕ ಅವರದು ಎಂದು ಸಾಗಿತ್ತು. ನನ್ನ ತಂದೆ ತೀರಿಕೊಂಡ ವರ್ಷ ಅದು ಬದಲಾಯಿತು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಅಲ್ಲಿಂದೀಚೆಗೆ ಹನ್ನೊಂದು ವರ್ಷಗಳಿಂದ ನಾವಿಬ್ಬರೂ ತಪ್ಪದೆ ಕೂತು ಲೆಕ್ಕ ನೋಡುತ್ತಿದ್ದೇವೆ. ಸಹೋದ್ಯೋಗಿಗಳು, ತೋಟದ ನೆರೆಯವರು, ನೆಂಟರು ನಮ್ಮನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಗಂಡ ಹೆಂಡತಿ ಸೇರಿ ಒಂದೇ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬಹುದೇ?

ಸಾಧ್ಯವಿಲ್ಲ. ನಮ್ಮ ದೇಶದಲ್ಲಿ ಪ್ರತಿಯೊಬ್ಬರದೂ ಪ್ರತ್ಯೇಕ ಪ್ಯಾನ್, ಪ್ರತ್ಯೇಕ ರಿಟರ್ನ್. ಇದರಲ್ಲಿ ಒಂದು ಅನುಕೂಲವೂ ಇದೆ: ತೆರಿಗೆ ವಿನಾಯಿತಿಯ ಮಿತಿ ಇಬ್ಬರಿಗೂ ಬೇರೆ ಬೇರೆಯಾಗಿ ಸಿಗುತ್ತದೆ. ರಿಟರ್ನ್ ಎರಡಾದರೂ ಒಲೆ ಒಂದೇ ಆದ್ದರಿಂದ ಲೆಕ್ಕವನ್ನು ಒಟ್ಟಿಗೆ ನೋಡಲೇಬೇಕು.

ಎಷ್ಟು ದಿನಕ್ಕೊಮ್ಮೆ ಕೂರಬೇಕು?

ಪ್ರತಿ ತಿಂಗಳು ಎರಡನೆಯ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು ಗಂಟೆ ನಾವು ಕೂರುತ್ತೇವೆ. ಇದು ಸಣ್ಣ ಲೆಕ್ಕ. ಇದರ ಮೇಲೆ ವರ್ಷಕ್ಕೆ ನಾಲ್ಕು ಸಲ ದೊಡ್ಡ ಲೆಕ್ಕ. ಆ ನಾಲ್ಕನ್ನು ನಾವು ತೋಟದ ಋತುವಿಗೂ ತೆರಿಗೆಯ ದಿನಾಂಕಗಳಿಗೂ ಹೊಂದಿಸಿಕೊಂಡಿದ್ದೇವೆ.

ಮೊದಲನೆಯದು ಯುಗಾದಿ ಕಳೆದ ಮೇಲೆ. ಅಷ್ಟರಲ್ಲಿ ಅರೇಬಿಕಾ, ರೋಬಸ್ಟಾ ಎರಡರ ಕೊಯ್ಲೂ ಮುಗಿದಿರುತ್ತದೆ, ಮೆಣಸು ಒಣಗಿರುತ್ತದೆ. ಮಾರಿದ್ದೆಷ್ಟು, ಗೋದಾಮಿನಲ್ಲಿ ಉಳಿಸಿದ್ದೆಷ್ಟು, ಮುಂದಿನ ಫಸಲಿನವರೆಗೆ ಬಟವಾಡೆಗೆ, ಗೊಬ್ಬರಕ್ಕೆ ತೆಗೆದಿಡಬೇಕಾದದ್ದೆಷ್ಟು ಎಂದು ಅಂದು ಬರೆದಿಡುತ್ತೇವೆ. ಹಾಸನದ ಮನೆಯ ಆಸ್ತಿ ತೆರಿಗೆಯನ್ನೂ ಆಗಲೇ ಕಟ್ಟುತ್ತೇವೆ. ನಗರಸಭೆಗೆ ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಇದೆ.

ಎರಡನೆಯದು ಜೂನ್ ಕೊನೆಗೆ, ರಿಟರ್ನ್ ಕೆಲಸಕ್ಕಾಗಿ. ಜೂನ್ 15ರ ಹೊತ್ತಿಗೆ ಸಂಬಳದಾರರಿಗೆ ವರ್ಷದ ಸಂಬಳ, ಕಡಿತವಾದ ತೆರಿಗೆ ತೋರಿಸುವ ಫಾರಂ 16 ಕೈಸೇರಬೇಕು, ಸಂಬಳದವರ ರಿಟರ್ನ್‌ಗೆ ಜುಲೈ 31 ಕೊನೆಯ ದಿನ. ಮಲೆನಾಡಿನವರಿಗೆ ನನ್ನದೊಂದು ವಿನಂತಿ: ಜುಲೈ ಕೊನೆಯ ವಾರದವರೆಗೆ ಕಾಯಬೇಡಿ. ಮಳೆ ಹಿಡಿದರೆ ಮೂರು ದಿನ ಕರೆಂಟು ಇರುವುದಿಲ್ಲ, ಮೊಬೈಲ್‌ಗೆ ಒಟಿಪಿ ಬರುವುದಿಲ್ಲ. ಗಡುವು ಮೀರಿದರೆ ಡಿಸೆಂಬರ್ 31ರವರೆಗೆ ಸಲ್ಲಿಸಬಹುದು. ಆದರೆ 5,000 ರೂಪಾಯಿ ತಡ ಶುಲ್ಕ ಬೀಳುತ್ತದೆ, ಆದಾಯ 5 ಲಕ್ಷದ ಒಳಗಿದ್ದರೆ 1,000.

ಮೂರನೆಯದು ದೀಪಾವಳಿಯ ಆಸುಪಾಸಿನಲ್ಲಿ, ಕೊಯ್ಲಿಗೆ ಆಳು ಇಳಿಸುವ ಮುಂಚೆ. ಕೊಯ್ಲಿನ ಕೂಲಿಗೆ ಎಷ್ಟು ಬೇಕು, ಅದು ಎಲ್ಲಿಂದ ಬರುತ್ತದೆ ಎಂಬುದಷ್ಟೇ ಅಂದಿನ ಮಾತು. ನಾಲ್ಕನೆಯದು ಫೆಬ್ರವರಿಯಲ್ಲಿ: ವರ್ಷದ ಹೂಡಿಕೆ, ವಿಮೆಯ ಕಂತು, ಮುಂಗಡ ತೆರಿಗೆ. ಸಂಬಳದಿಂದ ಕಡಿತವಾದದ್ದನ್ನು ಕಳೆದ ಮೇಲೂ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಬಾಕಿ ಉಳಿಯುವಂತಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ನೇ ತಾರೀಖುಗಳಲ್ಲಿ ಕಂತಾಗಿ ಕಟ್ಟಬೇಕು.

ಕೂತಾಗ ಜಗಳವೇ ಆಗುತ್ತದೆ. ಏನು ಮಾಡಲಿ?

ನಮಗೂ ಆಗುತ್ತಿತ್ತು. ಮೊದಲ ಸಲ ಕೂತಾಗ ನಮ್ಮವರು ನನ್ನ ಸೀರೆಯ ಲೆಕ್ಕ ತೆಗೆದರು, ನಾನು ಅವರ ಹೊಸ ಪಂಪ್‌ಸೆಟ್ಟಿನ ಲೆಕ್ಕ ತೆಗೆದೆ; ಅರ್ಧ ಗಂಟೆಯೊಳಗೆ ಇಬ್ಬರೂ ಎದ್ದಿದ್ದೆವು. ಕ್ರಮೇಣ ಕೆಲವು ಪದ್ಧತಿಗಳನ್ನು ಮಾಡಿಕೊಂಡೆವು. ಮೊದಲು ಬಂದದ್ದನ್ನು ಬರೆಯುವುದು, ಆಮೇಲೆ ಸಾಲ, ಕೊನೆಗೆ ಖರ್ಚು. ಇಬ್ಬರಿಗೂ ತಿಂಗಳಿಗೆ ಇಂತಿಷ್ಟು ಎಂದು ಸ್ವಂತದ ಹಣ. ಅದರ ಲೆಕ್ಕವನ್ನು ಇನ್ನೊಬ್ಬರು ಕೇಳಬಾರದು. ತವರಿಗೆ ಕೊಡುವ ಹಣ, ಅವರ ತಂಗಿಯ ಮನೆಗೆ ಕೊಡುವ ಹಣ ಎರಡಕ್ಕೂ ಒಂದೇ ಮಾತು: ಮೊದಲು ಹೇಳಿ ಕೊಡುವುದು. ಹೇಳದೆ ಕೊಟ್ಟ ಐದು ಸಾವಿರ ಮಾಡುವಷ್ಟು ನೋವನ್ನು ಹೇಳಿ ಕೊಟ್ಟ ಐವತ್ತು ಸಾವಿರ ಮಾಡುವುದಿಲ್ಲ ಎಂಬುದು ನನ್ನ ಅನುಭವ.

ಕೊಯ್ಲಿನ ವಾರ, ಸಂಬಳ ತಡವಾದ ವಾರ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದ ವಾರ ಕೂರಬೇಡಿ. ಮುಂದಿನ ಭಾನುವಾರಕ್ಕೆ ಹಾಕಿ, ಆದರೆ ಬಿಟ್ಟುಬಿಡಬೇಡಿ.

ಹಳೆಯ ತೆರಿಗೆ ಪದ್ಧತಿ ಒಳ್ಳೆಯದೋ, ಹೊಸದೋ?

ಹಳೆಯದರಲ್ಲಿ ವಿಮೆ, ಮನೆ ಸಾಲದಂಥ ಕಡಿತಗಳು ಹೆಚ್ಚು; ಹೊಸದರಲ್ಲಿ ಕಡಿತ ಕಡಿಮೆ, ದರವೂ ಕಡಿಮೆ. ಇಬ್ಬರೂ ಒಂದೇ ಪದ್ಧತಿ ಹಿಡಿಯಬೇಕೆಂದಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಏನನ್ನೂ ಆರಿಸದಿದ್ದರೆ ಹೊಸ ಪದ್ಧತಿಯೇ ಅನ್ವಯವಾಗುತ್ತದೆ. 2025ರ ಬಜೆಟ್ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಬರುವುದಿಲ್ಲ. ಸಂಬಳದಾರರಿಗೆ 75,000 ರೂಪಾಯಿಯ ನಿಗದಿತ ಕಡಿತವೂ ಸೇರಿ 12.75 ಲಕ್ಷ. ಇದು ತಲಾ ಒಬ್ಬರಿಗೆ. ಆದರೆ ಷೇರು, ಮ್ಯೂಚುವಲ್ ಫಂಡ್ ಮಾರಿದ ಲಾಭದಂಥ ವಿಶೇಷ ದರದ ಆದಾಯಕ್ಕೆ ಈ ರಿಯಾಯಿತಿ ಸಿಗುವುದಿಲ್ಲ.

ಅದಕ್ಕಿಂತ ಮೇಲಿನ ಸಂಬಳದವರು ಲೆಕ್ಕ ಹಾಕಿಯೇ ನೋಡಬೇಕು. ಒಬ್ಬರಿಗೆ ವರ್ಷಕ್ಕೆ 18 ಲಕ್ಷ ಸಂಬಳ ಎಂದುಕೊಳ್ಳಿ. ಹೊಸ ಪದ್ಧತಿಯಲ್ಲಿ 17.25 ಲಕ್ಷಕ್ಕೆ ತೆರಿಗೆ 1,45,000 ರೂಪಾಯಿ. ಹಳೆಯದರಲ್ಲಿ 50,000 ನಿಗದಿತ ಕಡಿತ, ಭವಿಷ್ಯ ನಿಧಿ ಮತ್ತು ವಿಮೆಗೆ ಒಂದೂವರೆ ಲಕ್ಷ, ಆರೋಗ್ಯ ವಿಮೆಗೆ 25,000, ಮನೆ ಸಾಲದ ಬಡ್ಡಿಗೆ 2 ಲಕ್ಷ ಎಲ್ಲವನ್ನೂ ಕಳೆದರೂ 13.75 ಲಕ್ಷಕ್ಕೆ 2,25,000. ಎರಡಕ್ಕೂ ಮೇಲೆ ಶೇ 4 ಸೆಸ್. ಇಷ್ಟೆಲ್ಲ ತೋರಿಸಿಯೂ ಹೊಸದೇ ಹಗುರ. ದೊಡ್ಡ ಮೊತ್ತದ ಮನೆ ಬಾಡಿಗೆ ಭತ್ಯೆಯಂಥ ಇನ್ನೂ ಹೆಚ್ಚಿನ ಕಡಿತ ಇರುವವರಿಗೆ ಮಾತ್ರ ಹಳೆಯದು ಲಾಭ.

ವ್ಯಾಪಾರದ ಆದಾಯ ಇಲ್ಲದ ಸಂಬಳದಾರರು ಪ್ರತಿ ವರ್ಷ ಪದ್ಧತಿ ಬದಲಿಸಬಹುದು. ವ್ಯಾಪಾರದ ಆದಾಯ ಇರುವವರಿಗೆ ಆ ಸ್ವಾತಂತ್ರ್ಯವಿಲ್ಲ. ಹಳೆಯದಕ್ಕೆ ಹೋದವರು ಹೊಸದಕ್ಕೆ ಮರಳುವುದು ಒಮ್ಮೆ ಮಾತ್ರ. ಇನ್ನೊಂದು ಮಾತು: 1961ರ ಆದಾಯ ತೆರಿಗೆ ಕಾಯ್ದೆಯ ಬದಲು 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ನಮಗೆ ಬಾಯಿಪಾಠವಾಗಿದ್ದ ಸೆಕ್ಷನ್ ಸಂಖ್ಯೆಗಳು ಅದರಲ್ಲಿ ಬದಲಾಗಿವೆ. ಕಾಗದಪತ್ರ ನೋಡುವಾಗ ಗಾಬರಿಯಾಗಬೇಡಿ.

ತೋಟದ ಆದಾಯಕ್ಕೆ ತೆರಿಗೆಯೇ ಇಲ್ಲವಲ್ಲ, ಅದನ್ನೇಕೆ ಲೆಕ್ಕಕ್ಕೆ ತರಬೇಕು?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನಾನು ಹೆಚ್ಚು ಕೇಳಿರುವ ಪ್ರಶ್ನೆ ಇದು, ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲಿಯೇ.

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಎನ್ನುವುದು ನಿಜ. ಆದರೆ ಕಾಫಿಗೆ ಅದರದೇ ಲೆಕ್ಕವಿದೆ. ಹಣ್ಣನ್ನೋ ಕಣದಲ್ಲಿ ಒಣಗಿಸಿದ ಚೆರಿಯನ್ನೋ ಹಾಗೆಯೇ ಮಾರಿದರೆ ಅದು ಕೃಷಿ ಆದಾಯ. ಬೆಳೆಗಾರರೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸಿ ಮಾರಿದರೆ ಲಾಭದ ಶೇ 25 ಭಾಗವನ್ನು ವ್ಯಾಪಾರದ ಆದಾಯವೆಂದು ಎಣಿಸುತ್ತಾರೆ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಖರ್ಚೆಲ್ಲ ಕಳೆದು 8 ಲಕ್ಷ ಲಾಭ ಉಳಿಯಿತೆನ್ನಿ: ಕ್ಯೂರಿಂಗ್ ಮಾಡಿಸಿ ಮಾರಿದವರು 2 ಲಕ್ಷವನ್ನು, ಪುಡಿ ಮಾರಿದವರು 3.2 ಲಕ್ಷವನ್ನು ತೆರಿಗೆಯ ಲೆಕ್ಕಕ್ಕೆ ತರಬೇಕು. ಈಚೆಗೆ ಎಷ್ಟೋ ತೋಟದ ಮನೆಗಳಲ್ಲಿ ಹೆಣ್ಣುಮಕ್ಕಳು ತಮ್ಮದೇ ಹೆಸರಿನ ಪೊಟ್ಟಣ ಮಾಡಿ ಪುಡಿ ಮಾರುತ್ತಿದ್ದಾರೆ, ನೋಡಿದರೆ ಹೆಮ್ಮೆಯಾಗುತ್ತದೆ. ಅವರು ಈ ಶೇ 40ನ್ನು ಮರೆಯಬಾರದು. ಈ ಲೆಕ್ಕ ಸ್ವಂತ ತೋಟದ ಕಾಫಿಗೆ ಮಾತ್ರ. ಬೇರೆಯವರ ಕಾಫಿ ಕೊಂಡು ಪುಡಿ ಮಾಡಿ ಮಾರಿದರೆ ಪೂರ್ತಿ ಲಾಭವೂ ವ್ಯಾಪಾರದ್ದೇ.

ಸಂಬಳವೂ ತೋಟವೂ ಒಬ್ಬರ ಹೆಸರಿನಲ್ಲೇ ಇದ್ದರೆ ಇನ್ನೊಂದು ಗಂಟು ಇದೆ. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಹಾಕದಿದ್ದರೂ ಉಳಿದ ಆದಾಯಕ್ಕೆ ಯಾವ ದರ ಎಂದು ನಿರ್ಧರಿಸುವಾಗ ಅದನ್ನು ಸೇರಿಸಿಕೊಳ್ಳುತ್ತಾರೆ. ಕಡಿತ ಕಳೆದು 15 ಲಕ್ಷ ಸಂಬಳವಿರುವ ಒಬ್ಬ ಅಧಿಕಾರಿಗೆ ಹೊಸ ಪದ್ಧತಿಯಲ್ಲಿ ತೆರಿಗೆ 1,05,000 ರೂಪಾಯಿ. ಅವರಿಗೇ ತೋಟದಿಂದ 6 ಲಕ್ಷ ಬಂದರೆ ಮೊದಲು 21 ಲಕ್ಷಕ್ಕೆ ತೆರಿಗೆ ಹಾಕಬೇಕು, 2,25,000. ಅದರಿಂದ 6 ಲಕ್ಷಕ್ಕೆ ವಿನಾಯಿತಿ ಮಿತಿಯ 4 ಲಕ್ಷ ಕೂಡಿಸಿ 10 ಲಕ್ಷಕ್ಕೆ ಬರುವ ತೆರಿಗೆ 40,000ವನ್ನು ಕಳೆಯಬೇಕು. ಉಳಿದದ್ದು 1,85,000. ತೆರಿಗೆಯೇ ಇಲ್ಲವೆಂದುಕೊಂಡ ತೋಟ 80,000 ರೂಪಾಯಿ ಹೆಚ್ಚಿಸಿತು.

ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಸಂಬಳದಾರರು ಸರಳವಾದ ಐಟಿಆರ್ 1 ಬಳಸುವಂತಿಲ್ಲ. 5 ಲಕ್ಷ ದಾಟಿದರೆ ಜಮೀನಿನ ವಿಸ್ತೀರ್ಣ, ಜಿಲ್ಲೆ, ಪಿನ್‌ಕೋಡ್, ನೀರಾವರಿಯೋ ಮಳೆಯಾಶ್ರಿತವೋ ಎಂಬ ವಿವರವನ್ನೂ ಕೇಳುತ್ತಾರೆ. ಆದ್ದರಿಂದ ಪಹಣಿ, ಮಾರಾಟದ ಚೀಟಿ, ಬಟವಾಡೆ ಪುಸ್ತಕ ಮೂರನ್ನೂ ಒಂದೇ ಕಡೆ ಇಡಿ. ತೋಟದ ಗುಮಾಸ್ತ ರೈಟರ್ ಬರೆದ ಬಟವಾಡೆ ಪುಸ್ತಕವನ್ನು ತಿಂಗಳಿಗೊಮ್ಮೆ ಮನೆಗೆ ತರಿಸಿಕೊಂಡು ನಾನೇ ನೋಡುತ್ತೇನೆ.

ಹೋಂಸ್ಟೇ ತೋಟದೊಳಗೇ ಇದೆ. ಅದೂ ಕೃಷಿ ಆದಾಯವೇ?

ಅಲ್ಲ. ಕಾಫಿ ಗಿಡಗಳ ನಡುವೆ ಮಲಗಿದರೂ ಅತಿಥಿ ಕೊಡುವ ಬಾಡಿಗೆ ಕೃಷಿಯದ್ದಾಗುವುದಿಲ್ಲ. ಪೂರ್ತಿ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಮೂಡಿಗೆರೆ, ಚಿಕ್ಕಮಗಳೂರು ಕಡೆ ಎಷ್ಟೋ ಕಡೆ ಅಡುಗೆ, ಹಾಸಿಗೆ, ಅತಿಥಿಗಳ ಮಾತುಕತೆ ಎಲ್ಲವೂ ಹೆಂಡತಿಯದು, ಪರವಾನಗಿಯೂ ಬ್ಯಾಂಕ್ ಖಾತೆಯೂ ಗಂಡನದು. ದುಡಿಯುವವರ ಹೆಸರಿನಲ್ಲಿ ಆದಾಯ ಬರುವಂತೆ ಮಾಡುವುದು ನ್ಯಾಯ. ಆಕೆಗೊಂದು ರಿಟರ್ನ್ ಇದ್ದರೆ ನಾಳೆ ಬ್ಯಾಂಕ್ ಸಾಲಕ್ಕೂ ದಾಖಲೆಯಾಗುತ್ತದೆ.

ಹೆಂಡತಿಯ ಹೆಸರಿನಲ್ಲಿ ಠೇವಣಿ ಇಟ್ಟರೆ ತೆರಿಗೆ ಉಳಿಯುವುದಿಲ್ಲವೇ?

ಉಳಿಯುವುದಿಲ್ಲ. ಗಂಡ ಹೆಂಡತಿಗೆ ಹಣ ಕೊಡುವುದಕ್ಕೆ ತೆರಿಗೆ ಇಲ್ಲ; ಆದರೆ ಆ ಹಣದಿಂದ ಬರುವ ಬಡ್ಡಿಯನ್ನು ಕೊಟ್ಟವರ ಆದಾಯಕ್ಕೇ ಸೇರಿಸಬೇಕು. ಗಂಡ ಕೊಟ್ಟ 10 ಲಕ್ಷಕ್ಕೆ ಶೇ 7ರಂತೆ 70,000 ಬಡ್ಡಿ ಬಂದರೆ ಅದು ಗಂಡನ ರಿಟರ್ನ್‌ಗೆ ಹೋಗುತ್ತದೆ. ಆ 70,000ವನ್ನು ಆಕೆ ಮತ್ತೆ ಠೇವಣಿ ಇಟ್ಟರೆ ಅದರ ಮೇಲಿನ ಬಡ್ಡಿ ಮಾತ್ರ ಆಕೆಯದು. ಹೆಂಡತಿ ಗಂಡನಿಗೆ ಕೊಟ್ಟರೂ ನಿಯಮ ಇದೇ. ಆಕೆಯ ಸ್ವಂತ ಸಂಬಳ, ತವರಿನವರು ಕೊಟ್ಟ ಹಣ, ತವರಿನ ಪಾಲಿಗೆ ಬಂದ ಜಮೀನು ಇವುಗಳ ಆದಾಯ ಆಕೆಯದೇ. ಯಾವ ಹಣ ಎಲ್ಲಿಂದ ಬಂತೆಂದು ಪಾಸ್‌ಬುಕ್ ಪಕ್ಕದಲ್ಲಿ ಒಂದು ಸಾಲು ಬರೆದಿಟ್ಟರೆ ಹತ್ತು ವರ್ಷದ ನಂತರ ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಮನೆ ಸಾಲ ಇಬ್ಬರ ಹೆಸರಿನಲ್ಲಿದ್ದರೆ ಲಾಭವೇ?

ಹಳೆಯ ಪದ್ಧತಿಯಲ್ಲಿ ಲಾಭ. ಮನೆಯೂ ಸಾಲವೂ ಇಬ್ಬರ ಹೆಸರಿನಲ್ಲಿದ್ದು ಇಬ್ಬರೂ ಕಂತು ಕಟ್ಟುತ್ತಿದ್ದರೆ ವಾಸದ ಮನೆಯ ಬಡ್ಡಿಗೆ ತಲಾ 2 ಲಕ್ಷದವರೆಗೆ ಕಡಿತ ಕೇಳಬಹುದು. ಹೊಸ ಪದ್ಧತಿಯಲ್ಲಿ ವಾಸದ ಮನೆಗೆ ಈ ಕಡಿತವಿಲ್ಲ.

ಒಡವೆಯನ್ನೂ ಲೆಕ್ಕದಲ್ಲಿ ಸೇರಿಸಬೇಕೇ?

ಖಂಡಿತ ಸೇರಿಸಿ, ಆದರೆ ಬೇರೆ ಪುಟದಲ್ಲಿ. ಸ್ತ್ರೀಧನ ಹೆಂಡತಿಯ ಸ್ವಂತ ಸ್ವತ್ತು. ಗಂಡನಿಗೆ ಅದರ ಮೇಲೆ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿಯೂ ಹೇಳಿದೆ. ನಮ್ಮ ಕಡೆ ಕಪಾತಿಗೆ (ಕಾಫಿ ಗಿಡ ಸವರುವ ಕೆಲಸಕ್ಕೆ), ಗೊಬ್ಬರಕ್ಕೆ ಹಣ ಸಾಲದಾದಾಗ ಮೊದಲು ಬ್ಯಾಂಕಿಗೆ ಹೋಗುವುದು ಹೆಂಡತಿಯ ಸರ. ಹಾಗೆ ಅಡವಿಟ್ಟರೆ ಅದನ್ನು ತೋಟದ ಸಾಲವೆಂದೇ ಬರೆಯಿರಿ. ಬಿಡಿಸಿಕೊಳ್ಳುವ ತಿಂಗಳನ್ನೂ ಬರೆಯಿರಿ. ನಾನು ಈ ವಿಷಯದಲ್ಲಿ ಬಿಗಿಯಾಗಿದ್ದೇನೆ: ಫಸಲಿನ ಮೊದಲ ಹಣದಿಂದ ಒಡವೆ ಮನೆಗೆ ಬರಬೇಕು, ಉಳಿದದ್ದೆಲ್ಲ ಆಮೇಲೆ.

ವಿವಾಹಿತ ಮಹಿಳೆಗೆ 500 ಗ್ರಾಂ, ಅವಿವಾಹಿತೆಗೆ 250, ಪುರುಷರಿಗೆ 100 ಗ್ರಾಂ ಎಂಬ ಮಾತು ಕೇಳಿರಬಹುದು. ಇದು 1994ರ ಸೂಚನೆ. ಆದಾಯ ತೆರಿಗೆ ಶೋಧದ ವೇಳೆ ಅಷ್ಟು ಒಡವೆಯನ್ನು ವಶಪಡಿಸಿಕೊಳ್ಳಬಾರದು ಎಂದರ್ಥ. ಅದಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ಅರ್ಥವಲ್ಲ. ಎಲ್ಲಿಂದ ಬಂತೆಂದು ತೋರಿಸಲು ರಸೀದಿ ಬೇಕು.

ಸೊಸೈಟಿಯಲ್ಲಿ ಬಡ್ಡಿ ಹೆಚ್ಚು ಸಿಗುತ್ತದೆ. ಅಲ್ಲಿ ಇಡಬಹುದೇ?

ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸಮೇತ 5 ಲಕ್ಷದವರೆಗೆ ವಿಮೆಯಿದೆ. 2020ರ ಫೆಬ್ರವರಿಯಿಂದ ಈ ಮಿತಿ ಜಾರಿಯಲ್ಲಿದೆ. ಪತ್ತಿನ ಸಹಕಾರ ಸಂಘಗಳ, ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆ ಇಲ್ಲ. ಚೆನ್ನಾಗಿ ನಡೆಯುವ ಸಂಘಗಳು ಎಷ್ಟೋ ಇವೆ, ನಮ್ಮದೂ ಒಂದರಲ್ಲಿ ಸ್ವಲ್ಪ ಹಣವಿದೆ. ಆದರೆ ಮಗಳ ಓದಿನ ಹಣವನ್ನು ಅಲ್ಲಿಡುವ ಧೈರ್ಯ ನನಗಿಲ್ಲ.

ಕೈಸಾಲ, ನಗದು ವ್ಯವಹಾರ?

20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಡುವವರು, ಪಡೆಯುವವರು ಇಬ್ಬರಿಗೂ ಕೃಷಿ ಆದಾಯವಿದ್ದು, ತೆರಿಗೆಗೆ ಒಳಪಡುವ ಆದಾಯ ಇಬ್ಬರಿಗೂ ಇಲ್ಲದಿದ್ದರೆ ಮಾತ್ರ ವಿನಾಯಿತಿ. ಹಾಗೆಯೇ ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯಬಾರದು. ಕಾಫಿ, ಮೆಣಸು ಮಾರುವವರು ವ್ಯಾಪಾರಿಗೆ ಖಾತೆಗೇ ಹಾಕಲು ಹೇಳಿ.

ಲೆಕ್ಕವನ್ನೆಲ್ಲ ಆಡಿಟರ್ ನೋಡಿಕೊಳ್ಳುತ್ತಾರೆ. ನಾವೇಕೆ ನೋಡಬೇಕು?

ನೀವು ಕೊಟ್ಟದ್ದನ್ನಷ್ಟೇ ಅವರು ನೋಡಬಲ್ಲರು. ಇಲಾಖೆಯ ಜಾಲತಾಣದಲ್ಲಿ ಎಐಎಸ್ ಎಂದು ಕರೆಯುವ ವಾರ್ಷಿಕ ಮಾಹಿತಿ ಪಟ್ಟಿ ಸಿಗುತ್ತದೆ: ಠೇವಣಿಯ ಬಡ್ಡಿ, ಷೇರಿನ ವ್ಯವಹಾರ, ದೊಡ್ಡ ನಗದು ಜಮೆ ಎಲ್ಲ ಅದರಲ್ಲಿರುತ್ತದೆ. ಜೂನ್‌ನಲ್ಲಿ ಇಬ್ಬರ ಪಟ್ಟಿಯನ್ನೂ ತೆಗೆದು ಪಾಸ್‌ಬುಕ್ ಜೊತೆ ತಾಳೆ ನೋಡಿ. ಒಮ್ಮೆ ನನ್ನ ಪಟ್ಟಿಯಲ್ಲಿ ನಾನು ಮರೆತೇಬಿಟ್ಟಿದ್ದ ಒಂದು ಠೇವಣಿಯ ಬಡ್ಡಿ ಕಾಣಿಸಿತು. ನೋಡದೆ ಹೋಗಿದ್ದರೆ ನೋಟಿಸ್ ಬರುತ್ತಿತ್ತು.

ಜಂಟಿ ಖಾತೆ, ನಾಮಿನಿ ಎಲ್ಲ ಮಾಡಿಸಿದ್ದೇವೆ. ಇನ್ನೇನು ಬೇಕು?

ನನ್ನ ತಂದೆ ಅರವತ್ತೊಂದನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಹೃದಯಾಘಾತದಿಂದ ತೀರಿಕೊಂಡರು. ಬಹಳ ಅಚ್ಚುಕಟ್ಟಿನ ಮನುಷ್ಯ, ಪೈಸೆ ಲೆಕ್ಕ ಬರೆಯುತ್ತಿದ್ದರು. ಆದರೆ ಅಮ್ಮನಿಗೆ ಒಂದೂ ಗೊತ್ತಿರಲಿಲ್ಲ; ಹೇಳಿದರೆ ಅವಳಿಗೆ ಚಿಂತೆ ಎಂದು ಅಪ್ಪ ಹೇಳುತ್ತಿರಲಿಲ್ಲ. ಎರಡು ಠೇವಣಿ ರಸೀದಿ ಹಳೆಯ ಪಂಚಾಂಗದೊಳಗೆ ಸಿಕ್ಕವು. ಒಂದು ವಿಮೆಯ ನಾಮಿನಿ ನನ್ನ ಅಜ್ಜಿ, ಅವರು ಹೋಗಿ ಒಂಬತ್ತು ವರ್ಷವಾಗಿತ್ತು. ಅಮ್ಮ ಕೈಚೀಲದ ತುಂಬ ಕಾಗದ ಹಿಡಿದುಕೊಂಡು ಹದಿನಾಲ್ಕು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದಳು. ಅವಳು ಸಾಲಿನಲ್ಲಿ ನಿಂತಿದ್ದುದನ್ನು ನಾನು ಮರೆತಿಲ್ಲ.

ನಾಮಿನಿ ಎಂದರೆ ಸಾಮಾನ್ಯವಾಗಿ ಹಣವನ್ನು ಪಡೆದುಕೊಳ್ಳುವವರು, ಒಡೆಯರಲ್ಲ. ವಿಲ್ ಇಲ್ಲದೆ ಹಿಂದೂ ಪುರುಷ ತೀರಿಕೊಂಡರೆ ಸ್ವಯಾರ್ಜಿತ ಆಸ್ತಿ ಹೆಂಡತಿ, ಮಕ್ಕಳು, ತಾಯಿ ಇವರಿಗೆಲ್ಲ ಸಮಪಾಲಾಗುತ್ತದೆ. ಎಲ್ಲವೂ ಹೆಂಡತಿಗೇ ಬರುವುದಿಲ್ಲ. ಜೀವ ವಿಮೆಯಲ್ಲಿ ಮಾತ್ರ ಹೆಂಡತಿ, ಗಂಡ, ಮಕ್ಕಳು, ತಂದೆ ತಾಯಿ ನಾಮಿನಿಯಾಗಿದ್ದರೆ 2015ರ ತಿದ್ದುಪಡಿಯಂತೆ ಹಣ ಅವರದೇ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಮಾಡಬಹುದು. ವಿಲ್ ಬರೆಯಲು ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಆದರೂ ನೋಂದಾಯಿಸಿದರೆ ಒಳ್ಳೆಯದು.

ನಾವು ಒಂದು ನೋಟ್‌ಬುಕ್‌ನಲ್ಲಿ ಎಲ್ಲ ಖಾತೆ, ವಿಮೆ, ಸಾಲ, ಜಮೀನಿನ ಸರ್ವೆ ನಂಬರು, ಕೊಡಬೇಕಾದದ್ದು, ಬರಬೇಕಾದದ್ದು ಬರೆದಿದ್ದೇವೆ. ಯುಗಾದಿಯ ಲೆಕ್ಕದ ದಿನ ನಾವಿಬ್ಬರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ತಿದ್ದಿ ಸಹಿ ಹಾಕುತ್ತೇವೆ. ಅದು ಎಲ್ಲಿದೆ ಎಂದು ನನ್ನ ನಾದಿನಿಗೂ ಗೊತ್ತು.

ಅತ್ತೆ ಮಾವ ಜೊತೆಯಲ್ಲೇ ಇದ್ದಾರೆ. ಅವರಿಗೆ ಎಷ್ಟು ಹೇಳಬೇಕು?

ತೋಟ ಮಾವನವರ ಹೆಸರಿನಲ್ಲೇ ಇದ್ದರೆ ಅದರ ಆದಾಯ ಅವರದು. ಅವರನ್ನು ಬಿಟ್ಟು ಲೆಕ್ಕ ಮಾಡುವುದು ತಪ್ಪು. ನಾವು ತೋಟದ ಲೆಕ್ಕವನ್ನು ಮಾವನವರ ಜೊತೆ ಕೂತೇ ನೋಡುತ್ತಿದ್ದೆವು, ಸಂಬಳ ಮತ್ತು ಮನೆ ಸಾಲದ ಲೆಕ್ಕವನ್ನು ಇಬ್ಬರೇ. ಹಿರಿಯರ ಆರೋಗ್ಯಕ್ಕೆಂದು ಬೇರೆಯೇ ಒಂದು ಖಾತೆ ಇಡಿ. ಹಳೆಯ ಪದ್ಧತಿಯಲ್ಲಿರುವವರು ಹಿರಿಯ ನಾಗರಿಕರಾದ ತಂದೆ ತಾಯಿಯ ಆರೋಗ್ಯ ವಿಮೆಗೆ 50,000ದವರೆಗೆ ಕಡಿತ ಪಡೆಯಬಹುದು. ಅತ್ತೆ ಮಾವನವರ ವಿಮೆಗೆ ಸೊಸೆ ಕಟ್ಟಿದರೆ ಆಕೆಗೆ ಸಿಗುವುದಿಲ್ಲ, ಮಗನೇ ಕಟ್ಟಬೇಕು.

ಮಕ್ಕಳನ್ನು ಲೆಕ್ಕಕ್ಕೆ ಕೂರಿಸಿಕೊಳ್ಳಬಹುದೇ?

ಹೈಸ್ಕೂಲು ದಾಟಿದ ಮೇಲೆ ಕೂರಿಸಿಕೊಳ್ಳಿ. ನಮ್ಮ ಮಗಳು ಕಳೆದ ವರ್ಷದಿಂದ ಮೆಣಸಿನ ದರವನ್ನು ವಾರಕ್ಕೊಮ್ಮೆ ಬರೆದಿಡುತ್ತಾಳೆ. ಯಾವಾಗ ಮಾರಬೇಕೆಂದು ಅಪ್ಪನ ಜೊತೆ ವಾದಿಸುತ್ತಾಳೆ. ಅವಳ ಹೆಸರಿನಲ್ಲಿ ಒಂದು ಸಣ್ಣ ಠೇವಣಿ ಇದೆ. ಹದಿನೆಂಟು ತುಂಬುವವರೆಗೆ ಅದರ ಬಡ್ಡಿಯನ್ನು ತಂದೆ ತಾಯಿಯರಲ್ಲಿ ಯಾರ ಆದಾಯ ಹೆಚ್ಚೋ ಅವರ ಆದಾಯಕ್ಕೆ ಸೇರಿಸಬೇಕು. ನಮ್ಮ ಮನೆಯಲ್ಲಿ ಅದು ನನ್ನ ರಿಟರ್ನ್‌ಗೆ ಬರುತ್ತದೆ. ಹದಿನೆಂಟಾದ ತಿಂಗಳು ಅವಳ ಪ್ಯಾನ್ ಕಾರ್ಡನ್ನು ವಯಸ್ಕರ ಕಾರ್ಡಾಗಿ ಬದಲಿಸಿ, ಖಾತೆಯನ್ನು ಅವಳ ಸಹಿಗೆ ಬಿಡಬೇಕು ಎಂದು ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಅವಳೇ ಬರೆದಿಟ್ಟಿದ್ದಾಳೆ.